3ಡಿ ಟಿವಿ ಮತ್ತೆ ಬರುತ್ತದಾ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿಗೆ ರೇಟು ಚೆನ್ನಾಗಿ ಸಿಕ್ಕ ವರ್ಷ ಕೊಡಗಿನ ಮನೆಗಳಲ್ಲಿ ಮೊದಲು ಬದಲಾಗುವುದು ಜೀಪು, ಅದರ ಹಿಂದೆಯೇ ಟಿವಿ. ಟಿವಿಯ ಮಾತು ಬಂತೆಂದರೆ ಮಡಿಕೇರಿಯಾಗಲಿ ಗೋಣಿಕೊಪ್ಪವಾಗಲಿ, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಆ 3ಡಿ ಟಿವಿ ಏನಾಯ್ತು? ಮತ್ತೆ ಬರುತ್ತದಂತೆ, ಹೌದಾ?" ಹೋಂಸ್ಟೇ ನಡೆಸುವವರು, ತೋಟದವರು, ಹಾಕಿ ಹುಚ್ಚಿನವರು, ಮಕ್ಕಳ ಕಣ್ಣಿನ ಚಿಂತೆಯಲ್ಲಿರುವ ತಾಯಂದಿರು ಕೇಳುವುದನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಅವಸರದಲ್ಲಿರುವವರು ಮೊದಲ ಉತ್ತರ ಓದಿ ಹೊರಡಬಹುದು.

ಚುಟುಕಾಗಿ ಹೇಳಿ: 3ಡಿ ಟಿವಿ ಮತ್ತೆ ಬರುತ್ತದಾ ಇಲ್ಲವಾ?

ಹಜಾರದ ಗೋಡೆಗೆ ಹಾಕಿ, ಮನೆಮಂದಿಯೆಲ್ಲ ಕನ್ನಡಕ ಏರಿಸಿ ಕೂತು ನೋಡುವ ಆ ಟಿವಿ ಬರುವುದಿಲ್ಲ ಎಂದೇ ನನ್ನ ಲೆಕ್ಕ. 3ಡಿ ಮಾತ್ರ ಎಲ್ಲೂ ಹೋಗಿಲ್ಲ. ದೊಡ್ಡ ಸಿನಿಮಾಗಳು ಥಿಯೇಟರಿಗೆ ಈಗಲೂ 3ಡಿಯಲ್ಲಿ ಬರುತ್ತವೆ. ತಲೆಗೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ಗಳಲ್ಲಿ, ನೋಡುವವರ ಕಣ್ಣನ್ನೇ ಹಿಂಬಾಲಿಸುವ ಕಂಪ್ಯೂಟರ್ ಪರದೆಗಳಲ್ಲಿ ಅದು ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಆದರೆ ಅವೆಲ್ಲ ಒಬ್ಬರು ಕೂತು ನೋಡುವ ಯಂತ್ರಗಳು. ಟಿವಿಯ ಮುಂದೆ ಅಜ್ಜಿ ಒಂದು ಮೂಲೆಯಲ್ಲಿ, ಮಕ್ಕಳು ನೆಲದ ಮೇಲೆ, ಊಟದ ತಟ್ಟೆ ಹಿಡಿದವರು ಇನ್ನೊಂದು ಕಡೆ. ಇಷ್ಟು ಜನರಿಗೆ ಒಟ್ಟಿಗೆ, ಕನ್ನಡಕವಿಲ್ಲದೆ, ಚೆನ್ನಾಗಿ 3ಡಿ ತೋರಿಸುವ ಪರದೆ ಇನ್ನೂ ಅಂಗಡಿಗೆ ಬಂದಿಲ್ಲ.

ಆಗ ಅಷ್ಟು ಸದ್ದು ಮಾಡಿತ್ತಲ್ಲ, ಆಮೇಲೆ ಎಲ್ಲಿಗೆ ಹೋಯಿತು?

2009ರ ಡಿಸೆಂಬರಿನಲ್ಲಿ 'ಅವತಾರ್' ತೆರೆಕಂಡಿತು, ಜನ ಮುಗಿಬಿದ್ದರು. ಮರು ತಿಂಗಳೇ ಲಾಸ್ ವೇಗಾಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸ್ಯಾಮ್ಸಂಗ್, ಸೋನಿ, ಪ್ಯಾನಸೋನಿಕ್, ಎಲ್‌ಜಿ ಎಲ್ಲರ ಮಳಿಗೆಯಲ್ಲೂ 3ಡಿ ಟಿವಿಯದ್ದೇ ಮಾತು. ಸಿನಿಮಾ ನೋಡಿ ರಾತ್ರೋರಾತ್ರಿ ಮಾಡಿದ ಟಿವಿಗಳಲ್ಲ ಅವು. 3ಡಿ ಸಾಗಿಸಬಲ್ಲ ಎಚ್‌ಡಿಎಂಐ 1.4 ಕೇಬಲ್ ನಿಯಮವೂ 3ಡಿ ಬ್ಲೂ-ರೇ ಡಿಸ್ಕಿನ (ಡಿವಿಡಿಯ ನಂತರ ಬಂದ ಸಿನಿಮಾ ಡಿಸ್ಕು) ನಿಯಮವೂ 2009ರಲ್ಲೇ ಸಿದ್ಧವಾಗಿದ್ದವು. ಚಪ್ಪಟೆ ಟಿವಿ ಕೊಂಡು ಮುಗಿಸಿದ ಜನರಿಗೆ ಇನ್ನೊಂದು ಟಿವಿ ಮಾರಲು ಕಂಪನಿಗಳಿಗೆ ಒಂದು ನೆಪ ಬೇಕಿತ್ತು, ಸಿನಿಮಾ ಅದನ್ನು ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ.

2010ರ ಜೂನಿನಲ್ಲಿ ದಕ್ಷಿಣ ಆಫ್ರಿಕಾದ ಫುಟ್‌ಬಾಲ್ ವಿಶ್ವಕಪ್‌ನ 25 ಪಂದ್ಯಗಳನ್ನು 3ಡಿಯಲ್ಲಿ ಚಿತ್ರೀಕರಿಸಿದರು. ಅಮೆರಿಕದಲ್ಲಿ ಇಎಸ್‌ಪಿಎನ್‌ನ 3ಡಿ ವಾಹಿನಿ ಅದೇ ತಿಂಗಳು ಶುರುವಾಗಿ 2013ರ ಸೆಪ್ಟೆಂಬರ್ ಕೊನೆಗೆ ಮುಚ್ಚಿತು. ಬ್ರಿಟನ್ನಿನ ಬಿಬಿಸಿ ಅದೇ ವರ್ಷ 3ಡಿ ಕಾರ್ಯಕ್ರಮಗಳಿಂದ ಹಿಂದೆ ಸರಿಯಿತು, ಸ್ಕೈ ತನ್ನ 3ಡಿ ವಾಹಿನಿಯನ್ನು 2015ರಲ್ಲಿ ನಿಲ್ಲಿಸಿತು. 2016ರಲ್ಲಿ ಸ್ಯಾಮ್ಸಂಗ್ ಹೊಸ ಮಾದರಿಗಳಿಂದ 3ಡಿಯನ್ನು ಕೈಬಿಟ್ಟಿತು. 2017ರಲ್ಲಿ ಎಲ್‌ಜಿ, ಸೋನಿ ಕೂಡ ಬಿಟ್ಟ ಮೇಲೆ ಕೊಳ್ಳುವವರಿಗೆ ಆಯ್ಕೆಯೇ ಉಳಿಯಲಿಲ್ಲ.

ಕನ್ನಡಕವೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಥಿಯೇಟರಿನಲ್ಲಿ ಮೂರು ಗಂಟೆ ಅದೇ ಕನ್ನಡಕ ಹಾಕಿ ಕೂರುವುದಿಲ್ಲವೇ? ಅಲ್ಲಿ ನಾವು ಬೇರೇನೂ ಮಾಡುವುದಿಲ್ಲ. ಮನೆಯಲ್ಲಿ ಟಿವಿ ನೋಡುತ್ತಲೇ ಫೋನ್ ಎತ್ತುತ್ತೇವೆ, ಹುರುಳಿಕಾಯಿ ಬಿಡಿಸುತ್ತೇವೆ, ದಿವಾನದ ಮೇಲೆ ಒರಗುತ್ತೇವೆ. ತಲೆ ಓರೆಯಾದ ಕ್ಷಣ ಎಡಗಣ್ಣು ಬಲಗಣ್ಣುಗಳ ಚಿತ್ರ ಹೊಂದದೆ 3ಡಿ ಕೆಡುತ್ತದೆ. ಅದರ ಮೇಲೆ ನೋಡಲು ಕಾರ್ಯಕ್ರಮಗಳಿರಲಿಲ್ಲ. ಸೀರಿಯಲ್, ವಾರ್ತೆ, ಕ್ರಿಕೆಟ್ ಎಲ್ಲ ಮಾಮೂಲಿನಂತೆಯೇ ಬರುತ್ತಿತ್ತು. ಅಷ್ಟರಲ್ಲಿ ಇನ್ನೂ ಸ್ಪಷ್ಟ ಚಿತ್ರದ 4ಕೆ ಟಿವಿ ಬಂತು, ಕಂಪನಿಗಳಿಗೆ ಹೊಸ ನೆಪ ಸಿಕ್ಕಿತು.

ಹಾಗಾದರೆ 3ಡಿ ಹುಟ್ಟಿದ್ದೇ 2009ರಲ್ಲಾ?

ಅಲ್ಲವೇ ಅಲ್ಲ. ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಹುಟ್ಟಿಸಬಹುದೆಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದರು. ಟಿವಿಯ ಮೊದಲಿಗರಲ್ಲಿ ಒಬ್ಬರಾದ ಜಾನ್ ಲೋಗಿ ಬೇರ್ಡ್ 1928ರಲ್ಲಿ 3ಡಿ ಟಿವಿಯ ಪ್ರಾತ್ಯಕ್ಷಿಕೆಯನ್ನೂ ನೀಡಿದ್ದರು. ಭಾರತದ ಮೊದಲ 3ಡಿ ಸಿನಿಮಾ 1984ರಲ್ಲಿ ನಮ್ಮ ಪಕ್ಕದ ಕೇರಳದಲ್ಲೇ ತಯಾರಾಯಿತು.

ಕನ್ನಡಕದಲ್ಲಿ ಎರಡು ಬಗೆ ಇತ್ತಲ್ಲ, ಏನು ವ್ಯತ್ಯಾಸ?

ಒಂದು ಬ್ಯಾಟರಿ ಕನ್ನಡಕ. ಟಿವಿ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಎಂದು ಸೆಕೆಂಡಿಗೆ 120 ಸಲ ಬದಲಿಸಿ ತೋರಿಸುತ್ತದೆ, ಕನ್ನಡಕದ ಗಾಜುಗಳು ಅದಕ್ಕೆ ತಕ್ಕಂತೆ ಒಂದಾದ ಮೇಲೊಂದು ಕಪ್ಪಾಗುತ್ತವೆ. ಚಿತ್ರ ಪೂರ್ತಿ ಸ್ಪಷ್ಟ, ಆದರೆ ಕನ್ನಡಕ ದುಬಾರಿ. ಮೊದಮೊದಲು ಒಂದು ಕಂಪನಿಯ ಕನ್ನಡಕ ಇನ್ನೊಂದರ ಟಿವಿಗೆ ಆಗುತ್ತಿರಲಿಲ್ಲ, 2011ರಲ್ಲಿ ಕಂಪನಿಗಳು ಒಂದು ಒಪ್ಪಂದಕ್ಕೆ ಬಂದವು. ನಮ್ಮಲ್ಲಿ ಇನ್ನೊಂದು ತಕರಾರೂ ಇತ್ತು: 50 ಹರ್ಟ್ಜ್ ಕರೆಂಟಿನಲ್ಲಿ ಉರಿಯುವ ಹಳೆಯ ಟ್ಯೂಬ್‌ಲೈಟ್ ಕೆಳಗೆ ಆ ಕನ್ನಡಕ ಹಾಕಿದರೆ ಇಡೀ ಕೋಣೆ ಮಿಣುಕಿದಂತೆ ಕಾಣುತ್ತಿತ್ತು.

ಇನ್ನೊಂದು ಬ್ಯಾಟರಿಯಿಲ್ಲದ ಪೋಲರಾಯ್ಡ್ ಬಗೆಯದು, ಎಲ್‌ಜಿ ಹೆಚ್ಚು ಮಾರಿದ್ದು ಇದನ್ನೇ. ಪರದೆಯ ಒಂದು ಸಾಲು ಎಡಗಣ್ಣಿಗೆ, ಮುಂದಿನ ಸಾಲು ಬಲಗಣ್ಣಿಗೆ. ಹಗುರ, ಅಗ್ಗ, ಮಿಣುಕು ಇಲ್ಲ. ಆದರೆ 1080 ಸಾಲಿನ ಟಿವಿಯಲ್ಲಿ ಒಂದೊಂದು ಕಣ್ಣಿಗೆ ಸಿಗುವುದು 540 ಸಾಲು ಮಾತ್ರ. ಪರದೆ ಕಣ್ಣಿನ ಮಟ್ಟಕ್ಕಿಂತ ಮೇಲೆ ಕೆಳಗೆ ಆದರೆ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರಿ ಎರಡೆರಡಾಗಿ ಕಾಣುತ್ತದೆ. ನಮ್ಮ ಕಡೆ ಟಿವಿಯನ್ನು ದೇವರ ಪಟದ ಹಾಗೆ ಗೋಡೆಯ ಮೇಲೆ ಎತ್ತರದಲ್ಲಿ ಹಾಕುವ ಅಭ್ಯಾಸ. ಅಂಥ ಮನೆಯಲ್ಲಿ ಈ ಟಿವಿ ಸರಿಯಾಗಿ ಕಂಡಿದ್ದರೆ ಅದೇ ಆಶ್ಚರ್ಯ.

ಎರಡರಲ್ಲೂ ಕಣ್ಣಿಗೆ ತಲುಪುವ ಬೆಳಕು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತಿತ್ತು. ಈ ಕೊರತೆಗಳನ್ನು ಹೆಚ್ಚುಕಡಿಮೆ ನೀಗಿಸಿದ ಟಿವಿ ಬಂದಿದ್ದು ಕೊನೆಯಲ್ಲಿ. 2016ರ ಎಲ್‌ಜಿ 4ಕೆ ಓಎಲ್‌ಇಡಿಯ ಕೆಲವು ಮಾದರಿಗಳಲ್ಲಿ 2160 ಸಾಲು ಇಬ್ಭಾಗವಾಗಿ ಕಣ್ಣಿಗೆ 1080 ಸಿಗುತ್ತಿತ್ತು. ತಂತ್ರ ಹದಕ್ಕೆ ಬಂದ ಮರು ವರ್ಷವೇ ಅಂಗಡಿ ಮುಚ್ಚಿದರು.

ಮೈಸೂರಿನ ಥಿಯೇಟರಿನಲ್ಲಿ ಅದ್ಭುತವಾಗಿ ಕಂಡ ಸಿನಿಮಾ ಮನೆಯ 3ಡಿ ಟಿವಿಯಲ್ಲಿ ಯಾಕೆ ಸಪ್ಪೆ?

ಇದನ್ನು ಕೇಳಿದವರಿಗೆ ಅಂಗಡಿಯವರು "ಪರದೆ ಚಿಕ್ಕದಲ್ವಾ" ಎಂದು ಹೇಳಿ ಸುಮ್ಮನಾಗುತ್ತಾರೆ. ಉತ್ತರ ಸರಿ, ಆದರೆ ಅದರ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 63 ಮಿಲಿಮೀಟರ್ ಅಂತರ. ದೂರದ ಬೆಟ್ಟವನ್ನು ನೋಡುವಾಗ ಎರಡೂ ಕಣ್ಣು ಸಮಾನಾಂತರವಾಗಿ ನೇರ ನೋಡುತ್ತವೆ. ಹಾಗಾಗಿ ಪರದೆಯ ಮೇಲೆ ಬೆಟ್ಟ ಬಹುದೂರದಲ್ಲಿದೆ ಅನಿಸಬೇಕಾದರೆ ಅದರ ಎಡ ಚಿತ್ರಕ್ಕೂ ಬಲ ಚಿತ್ರಕ್ಕೂ ಅದೇ 63 ಮಿ.ಮೀ. ಅಂತರ ಇರಬೇಕು. 12 ಮೀಟರ್ ಅಗಲದ ಥಿಯೇಟರ್ ಪರದೆಗೆ 63 ಮಿ.ಮೀ. ಎಂದರೆ ಅಗಲದ ಶೇ 0.5ರಷ್ಟು. ಅದೇ ಸಿನಿಮಾವನ್ನು 55 ಇಂಚಿನ ಟಿವಿಗೆ ಹಾಕಿ. ಅದರ ಅಗಲ 122 ಸೆಂಟಿಮೀಟರ್, ಶೇ 0.5 ಎಂದರೆ ಆರೇಳು ಮಿಲಿಮೀಟರ್. ಎರಡೂವರೆ ಮೀಟರ್ ದೂರದಲ್ಲಿ ಸೋಫಾದ ಮೇಲೆ ಕೂತವರಿಗೆ ಆ ಬೆಟ್ಟ ಟಿವಿಯ ಹಿಂದೆ ಒಂದು ಅಡಿಯೊಳಗೇ ನಿಂತುಬಿಡುತ್ತದೆ!

ಕಕ್ಕಬೆಯಲ್ಲಿ ನಿಂತು ತಡಿಯಂಡಮೋಳ್ ನೋಡಿದವರು ಮನೆಗೆ ಬಂದು ಅದೇ ಬೆಟ್ಟವನ್ನು ಗೋಡೆಗೆ ಆತುಕೊಂಡಂತೆ ನೋಡಬೇಕು. ಥಿಯೇಟರಿಗೆಂದು ಮಾಡಿದ 3ಡಿಯನ್ನು ಟಿವಿಗೆ ಮತ್ತೆ ಹೊಂದಿಸಬಹುದಿತ್ತು, ಅದಕ್ಕೆ ದುಡ್ಡು ಹಾಕಿದವರು ಕಡಿಮೆ. ಹೆಡ್‌ಸೆಟ್‌ನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಪರದೆಯೇ ಕಾಲ್ಪನಿಕ, ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದಾಗಿ, ಎಷ್ಟು ದೂರ ಬೇಕೋ ಅಷ್ಟು ದೂರದಲ್ಲಿ ಇಡಬಹುದು.

ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು 3ಡಿಯಲ್ಲಿ ತೋರಿಸಿದರೆ ಹೇಗಿರುತ್ತದೆ?

ಪ್ರತಿ ಬೇಸಿಗೆಯಲ್ಲೂ ಬರುವ ಪ್ರಶ್ನೆ. 1997ರಲ್ಲಿ ಕರಡದಲ್ಲಿ ಶುರುವಾದ ಈ ಹಬ್ಬ ಈಗ ಎಷ್ಟು ಬೆಳೆದಿದೆ ಎಂದರೆ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ ತಂಡಗಳು ಕಣಕ್ಕಿಳಿದವು. ಊರಿಗೆ ಬರಲಾಗದವರು ಫೋನಿನಲ್ಲೇ ನೇರ ಪ್ರಸಾರ ನೋಡುತ್ತಾರೆ. 3ಡಿಯಲ್ಲಿ ನೋಡಬೇಕೆಂಬ ಆಸೆ ಸಹಜ, ಆದರೆ ಹಾಕಿಗೂ 3ಡಿಗೂ ಅಷ್ಟಾಗಿ ಹೊಂದುವುದಿಲ್ಲ.

ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಪಂದ್ಯ ಅರ್ಥವಾಗಬೇಕಾದರೆ ಮುಖ್ಯ ಕ್ಯಾಮೆರಾ ಎತ್ತರದಲ್ಲಿ, ದೂರದಲ್ಲಿ ಇರಬೇಕು. ಎರಡು ಕಣ್ಣಿನಿಂದ ಸಿಗುವ ಆಳದ ಅನುಭವ ದೂರ ಹೆಚ್ಚಿದಂತೆ ಬಹಳ ಬೇಗ ಕುಸಿಯುತ್ತದೆ: ದೂರ ಇಮ್ಮಡಿಯಾದರೆ ಆಳ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 60 ಮೀಟರ್ ದೂರದಲ್ಲಿ ಒಬ್ಬ ಫಾರ್ವರ್ಡ್, ಅವನ ಹಿಂದೆ 5 ಮೀಟರ್ ದೂರದಲ್ಲಿ ಒಬ್ಬ ಡಿಫೆಂಡರ್ ಇದ್ದಾನೆ ಎಂದುಕೊಳ್ಳಿ. ಕಣ್ಣುಗಳಷ್ಟೇ ಅಂತರದಲ್ಲಿ ಎರಡು ಲೆನ್ಸ್ ಇಟ್ಟು, ಮೈದಾನದ 40 ಮೀಟರ್ ಅಗಲ ಕಾಣುವಂತೆ ಚಿತ್ರಿಸಿದರೆ, ಆ ಇಬ್ಬರ ನಡುವಿನ ಆಳ ಫುಲ್ ಎಚ್‌ಡಿ ಪರದೆಯ ಮೇಲೆ ಕಾಲು ಪಿಕ್ಸೆಲ್‌ನಷ್ಟು, ಅಂದರೆ ಚಿತ್ರದ ಒಂದು ಚುಕ್ಕೆಯ ಕಾಲು ಭಾಗದಷ್ಟು ವ್ಯತ್ಯಾಸವಾಗಿ ಬರುತ್ತದೆ. ಅಂದರೆ ಏನೂ ಕಾಣುವುದಿಲ್ಲ. ಗ್ಯಾಲರಿಯಲ್ಲಿ ಕೂತವರಿಗೂ ದೂರದ ಆಟಗಾರರ ಅಂತರ ಗೊತ್ತಾಗುವುದು ಗಾತ್ರದಿಂದ, ನೆರಳಿನಿಂದ, ಓಟದಿಂದ. ಅದೆಲ್ಲ ಮಾಮೂಲಿ ಟಿವಿಯಲ್ಲೂ ಸಿಗುತ್ತದೆ.

ಲೆನ್ಸ್‌ಗಳನ್ನು ದೂರ ದೂರ ಇಟ್ಟು ಆಳ ಹೆಚ್ಚಿಸಬಹುದು. ಆಗ ಆಟಗಾರರು ಮೇಜಿನ ಮೇಲಿನ ಬೊಂಬೆಗಳ ಗಾತ್ರಕ್ಕೆ ಕುಗ್ಗಿ ಕಾಣುತ್ತಾರೆ. ಉಳಿದ ದಾರಿ ಗೋಲಿನ ಹಿಂದೆ, ಗೆರೆಯ ಪಕ್ಕದಲ್ಲಿ ತಗ್ಗಿಗೆ ಇಟ್ಟ ಕ್ಯಾಮೆರಾಗಳು. ಪೆನಾಲ್ಟಿ ಕಾರ್ನರ್‌ನ ಹೊಡೆತ ಅಲ್ಲಿಂದ ನೋಡಿದರೆ ಮೈ ಜುಮ್ ಎನ್ನುತ್ತದೆ, ಒಪ್ಪುತ್ತೇನೆ. ಆದರೆ ಇಡೀ ಪಂದ್ಯವನ್ನು ಅಲ್ಲಿಂದ ನೋಡಲಾಗದು. ವಿದೇಶದ ಕ್ರೀಡಾ ವಾಹಿನಿಗಳೂ ಇಲ್ಲೇ ಸಿಕ್ಕಿಬಿದ್ದವು. 3ಡಿಗೆ ಬೇರೆ ಕ್ಯಾಮೆರಾ, ಬೇರೆ ಸಿಬ್ಬಂದಿ, ಅನೇಕ ಕಡೆ ಬೇರೆಯದೇ ಪ್ರಸಾರ ವಾಹನ ಬೇಕಾಯಿತು. ಖರ್ಚು ಇಮ್ಮಡಿಯತ್ತ ಹೋಯಿತು, ನೋಡುವವರು ಬೆರಳೆಣಿಕೆ.

ಕನ್ನಡಕ ಇಲ್ಲದ 3ಡಿ ಬಂದಿದೆಯಂತೆ, ನಿಜವಾ?

ನಿಜ. ತಂತ್ರ ಹಳೆಯದೇ. ಜಾತ್ರೆಯ ಅಂಗಡಿಗಳಲ್ಲಿ ಓರೆ ಮಾಡಿದರೆ ಒಂದು ದೇವರು ಹೋಗಿ ಇನ್ನೊಂದು ದೇವರು ಬರುವ ಗೀರುಗೀರಾದ ಪ್ಲಾಸ್ಟಿಕ್ ಪಟ ನೋಡಿದ್ದೀರಲ್ಲ, ಅದೇ ಗೀರುಗಳ ಪದರವನ್ನು ಪರದೆಯ ಮೇಲೆ ಕೂರಿಸುತ್ತಾರೆ. ಒಂದೊಂದು ಗೀರೂ ಒಂದು ಪುಟ್ಟ ಲೆನ್ಸು. ಅದು ಕೆಲವು ಪಿಕ್ಸೆಲ್‌ಗಳ ಬೆಳಕನ್ನು ಎಡಗಣ್ಣಿನ ಕಡೆಗೆ, ಪಕ್ಕದವುಗಳದ್ದನ್ನು ಬಲಗಣ್ಣಿನ ಕಡೆಗೆ ಕಳಿಸುತ್ತದೆ. 2011ರ ನಿಂಟೆಂಡೊ 3ಡಿಎಸ್ ಆಟದ ಯಂತ್ರದಲ್ಲಿ ಲೆನ್ಸಿನ ಬದಲು ಸಣ್ಣ ತಡೆಗಳಿದ್ದವು. ಅದೇ ವರ್ಷ ತೋಷಿಬಾ 55 ಇಂಚಿನ ಕನ್ನಡಕರಹಿತ ಟಿವಿಯನ್ನೇ ಹೊರತಂದಿತು, ಓಡಲಿಲ್ಲ.

ಹೊಸದಾಗಿ ಸೇರಿದ್ದು ಕಣ್ಣು ಹಿಂಬಾಲಿಸುವ ಕ್ಯಾಮೆರಾ. ನಿಮ್ಮ ಕಣ್ಣು ಎಲ್ಲಿದೆ ಎಂದು ನೋಡಿಕೊಂಡು ಪರದೆ ತನ್ನ ಚಿತ್ರವನ್ನು ಆಗಿಂದಾಗ್ಗೆ ಹೊಂದಿಸಿಕೊಳ್ಳುತ್ತದೆ. ಸೋನಿಯ 15.6 ಇಂಚಿನ ಪರದೆ 2020ರಲ್ಲಿ ಬಂತು, ಏಸರ್, ಅಸೂಸ್ ಲ್ಯಾಪ್‌ಟಾಪ್‌ಗಳು ಬಂದವು, ಸ್ಯಾಮ್ಸಂಗ್‌ನ 27 ಇಂಚಿನ 4ಕೆ ಮಾನಿಟರ್ 2025ರಲ್ಲಿ ಬಂತು. ಒಬ್ಬರೇ ಕೂತು ಗೇಮ್ ಆಡುವವರಿಗೆ ಸೊಗಸಾಗಿದೆ. ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರೆ ಪರದೆಗೆ ಯಾರ ಕಣ್ಣನ್ನು ನಂಬಬೇಕೆಂಬ ಗೊಂದಲ.

ಹತ್ತು ಜನರಿಗೆ ತೋರಿಸಬೇಕಾದರೆ ಬೇರೆ ಬೇರೆ ಕೋನಗಳಿಗೆ ಬೇರೆ ಬೇರೆ ಚಿತ್ರ ಬೇಕು. 8ಕೆ ಪರದೆಯಲ್ಲಿ 3.3 ಕೋಟಿ ಪಿಕ್ಸೆಲ್ ಇರುತ್ತವೆ. ಅದನ್ನು 16 ಕೋನಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಹತ್ತಿರ ಹತ್ತಿರ 20 ಲಕ್ಷ, ಅಂದರೆ ಹಳೆಯ ಫುಲ್ ಎಚ್‌ಡಿಯಷ್ಟು. 8ಕೆಯ ಬೆಲೆ ಕೊಟ್ಟು ಎಚ್‌ಡಿ ನೋಡಿದ ಹಾಗೆ. ಸಾಲದ್ದಕ್ಕೆ 8ಕೆ ಟಿವಿಗೇ ಬೇಡಿಕೆ ಇಲ್ಲ. ಕನ್ನಡಕವಿಲ್ಲದ ಕುಟುಂಬದ ಟಿವಿ ಎಂದಾದರೂ ಬಂದರೆ ಈ ದಾರಿಯಲ್ಲೇ ಬರಬೇಕು. ಅದಕ್ಕಾಗಿ ಹಳೆಯ ಟಿವಿ ಬದಲಿಸುವುದನ್ನು ಮುಂದೂಡಬೇಡಿ.

ಜಡಿಮಳೆಯಲ್ಲಿ ಡಿಶ್ಶೇ ಹೋಗುತ್ತದೆ. 3ಡಿ ವಾಹಿನಿ ಬಂದರೆ ಗತಿಯೇನು?

ಈಗ ನಮ್ಮ ದೇಶದಲ್ಲಿ ಡಿಶ್ಶಿನಲ್ಲಿ ಬರುವ 3ಡಿ ವಾಹಿನಿ ಇಲ್ಲ, ಆ ಮಟ್ಟಿಗೆ ಚಿಂತೆ ಬೇಡ. ಬಂದಿದ್ದರೂ ಮಳೆಯಲ್ಲಿ 3ಡಿ ಬೇರೆ, 2ಡಿ ಬೇರೆ ಎಂದೇನೂ ಇಲ್ಲ. ಎರಡು ಚಿತ್ರಗಳನ್ನು ಅರ್ಧರ್ಧ ಕುಗ್ಗಿಸಿ ಅಕ್ಕಪಕ್ಕ ಇಟ್ಟು ಒಂದೇ ಎಚ್‌ಡಿ ವಾಹಿನಿಯಲ್ಲಿ ಕಳಿಸುತ್ತಿದ್ದರು, ಹೆಚ್ಚಿನ ಜಾಗ ಬೇಕಿರಲಿಲ್ಲ. ಸಿಗ್ನಲ್ ಹೋಗುವುದಕ್ಕೆ ಕಾರಣ 11-12 ಗಿಗಾಹರ್ಟ್ಜ್‌ನ ಅಲೆಗಳನ್ನು ದಪ್ಪ ಮಳೆಹನಿ ಹೀರಿಕೊಳ್ಳುವುದು. ಸ್ವಲ್ಪ ದೊಡ್ಡ ಡಿಶ್, ನೀರು ಇಳಿಯದಂತೆ ಟೇಪು ಸುತ್ತಿದ ಕೇಬಲ್ ಜಾಯಿಂಟ್, ಆಗ್ನೇಯ ದಿಕ್ಕಿಗೆ ಸಿಲ್ವರ್ ಓಕ್ ಅಡ್ಡ ಬರದ ಜಾಗ, ಇಷ್ಟಿದ್ದರೆ ಆಷಾಢದಲ್ಲೂ ಹೆಚ್ಚಿನ ದಿನ ನಡೆಯುತ್ತದೆ. ಇನ್ನೂ ಜೋರು ಮಳೆ ಕಾಣುವ ಭಾಗಮಂಡಲದ ಕಡೆಯವರು ಇದನ್ನು ಕೇಳಿ ನಕ್ಕರೆ ನನ್ನ ಬಳಿ ಉತ್ತರವಿಲ್ಲ.

ಹೋಂಸ್ಟೇಗೆ ಒಂದು 3ಡಿ ವ್ಯವಸ್ಥೆ ಮಾಡಿದರೆ ಅತಿಥಿಗಳು ಹೆಚ್ಚು ಬರುತ್ತಾರಾ?

ಬೆಂಗಳೂರಿನಿಂದ ಬರುವವರ ಮನೆಯಲ್ಲಿ ನಿಮ್ಮದಕ್ಕಿಂತ ದೊಡ್ಡ ಟಿವಿ ಇರುತ್ತದೆ. ಅವರು ಕೇಳುವುದು ವೈಫೈ, ಬಿಸಿನೀರು, ಪಂದಿಕರಿ, ಕಡುಬು. ಆ ದುಡ್ಡಿನಲ್ಲಿ ಇನ್ವರ್ಟರ್‌ಗೆ ಒಳ್ಳೆಯ ಬ್ಯಾಟರಿ ಹಾಕಿಸಿ.

ಇಷ್ಟಾಗಿಯೂ ಮಾಡಲೇಬೇಕೆಂದಿದ್ದರೆ ಪ್ರೊಜೆಕ್ಟರ್ ನೋಡಿ. ಟಿವಿಗಳಿಂದ ಮಾಯವಾದ 3ಡಿ ಡಿಎಲ್‌ಪಿ ಬಗೆಯ (ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ) ಅನೇಕ ಪ್ರೊಜೆಕ್ಟರ್‌ಗಳಲ್ಲಿ ಇನ್ನೂ ಉಳಿದಿದೆ. ಮಳೆಗಾಲದ ಸಂಜೆ ಕತ್ತಲೆ ಕೋಣೆಯಲ್ಲಿ 120 ಇಂಚಿನ ಪರದೆಯ ಮೇಲೆ 3ಡಿ ಸಿನಿಮಾ ಹಾಕಿದರೆ ಮಕ್ಕಳಿಗೆ ಹಬ್ಬ. ಪರದೆ ದೊಡ್ಡದಾದ್ದರಿಂದ ಮೇಲೆ ಹೇಳಿದ ಬೆಟ್ಟದ ತಾಪತ್ರಯವೂ ಕಡಿಮೆ. ಆದರೆ ಕನ್ನಡಕ ಬ್ಯಾಟರಿಯದು, ಅತಿಥಿಗಳು ಹೊರಟ ಮೇಲೆ ಎಣಿಸಿಕೊಳ್ಳಬೇಕು. ಹಣ ಪಡೆದು ನಾಲ್ಕು ಜನರಿಗೆ ಸಿನಿಮಾ ತೋರಿಸುವುದಕ್ಕೆ ಹಕ್ಕುಸ್ವಾಮ್ಯದ ಅನುಮತಿ ಬೇಕೆಂಬುದನ್ನೂ ಮರೆಯಬೇಡಿ.

ಹೆಡ್‌ಸೆಟ್ ತಗೊಂಡರೆ ಟಿವಿಯೇ ಬೇಡವಲ್ಲ?

3ಡಿ ಸಿನಿಮಾ ನೋಡುವುದಕ್ಕೆ ಇಂದು ಅತ್ಯುತ್ತಮ ಜಾಗ ಹೆಡ್‌ಸೆಟ್ಟೇ. ಒಂದೊಂದು ಕಣ್ಣಿಗೂ ತನ್ನದೇ ಪರದೆ, ಚಿತ್ರ ಸೋರುವುದಿಲ್ಲ, ಬೆಳಕು ಹಂಚಿಹೋಗುವುದಿಲ್ಲ. ಆಪಲ್‌ನ ವಿಷನ್ ಪ್ರೊ 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 3,499 ಡಾಲರ್ ಬೆಲೆಗೆ ಬಂದಾಗ ಡಿಸ್ನಿಯ 3ಡಿ ಸಿನಿಮಾಗಳು ಮೊದಲ ದಿನವೇ ಅದರಲ್ಲಿದ್ದವು. ಮೆಟಾದ ಕ್ವೆಸ್ಟ್ 3 ಅದಕ್ಕಿಂತ ತುಂಬಾ ಅಗ್ಗ. ಆದರೆ ಅರ್ಧ ಕಿಲೋಗೂ ಹೆಚ್ಚು ತೂಕವನ್ನು ಮುಖಕ್ಕೆ ಕಟ್ಟಿಕೊಂಡು ಎರಡು ಗಂಟೆ ಕೂರಬೇಕು. ಅಷ್ಟು ಹೊತ್ತು ಮನೆಯವರಿಗೆ ನೀವು ಇದ್ದೂ ಇಲ್ಲದ ಹಾಗೆ. ಹುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಕುಲದ ಮೂಲಮನೆ) ಒಕ್ಕದವರೆಲ್ಲ, ಅಂದರೆ ಕುಲದವರೆಲ್ಲ, ಸೇರಿದಾಗ ಒಬ್ಬೊಬ್ಬರೂ ಹೆಡ್‌ಸೆಟ್ ಹಾಕಿ ಕೂರುವುದನ್ನು ನೆನೆಸಿಕೊಳ್ಳಿ. ಕನ್ನಡಕವನ್ನೇ ಒಪ್ಪದ ಹಜಾರ ಇದನ್ನು ಒಪ್ಪೀತೇ?

ಮಕ್ಕಳ ಕಣ್ಣಿಗೆ ತೊಂದರೆಯಾ?

ಚಿಕ್ಕ ಮಕ್ಕಳಿಗೆ ಬೇಡ. ಫ್ರಾನ್ಸಿನ ಆಹಾರ, ಪರಿಸರ ಮತ್ತು ಆರೋಗ್ಯ ಸುರಕ್ಷತಾ ಸಂಸ್ಥೆ 2014ರಲ್ಲಿ 6 ವರ್ಷದೊಳಗಿನವರಿಗೆ 3ಡಿ ತೋರಿಸಬಾರದು, 13ರವರೆಗೆ ಮಿತವಾಗಿರಲಿ ಎಂದು ಸಲಹೆ ನೀಡಿತ್ತು. ನಿಂಟೆಂಡೊ ಕೂಡ ತನ್ನ ಯಂತ್ರದ 3ಡಿಯನ್ನು 6 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಬೇಡವೆಂದಿತ್ತು. ಆ ವಯಸ್ಸಿನಲ್ಲಿ ಎರಡು ಕಣ್ಣು ಸೇರಿ ಕೆಲಸ ಮಾಡುವ ಪಾಠ ಇನ್ನೂ ನಡೆಯುತ್ತಿರುತ್ತದೆ. ಮಕ್ಕಳ ಕಣ್ಣುಗಳ ನಡುವಿನ ಅಂತರವೂ ದೊಡ್ಡವರಿಗಿಂತ ಕಡಿಮೆ, ದೊಡ್ಡವರ ಲೆಕ್ಕಕ್ಕೆ ಮಾಡಿದ 3ಡಿ ಅವರಿಗೆ ಸರಿಹೊಂದುವುದಿಲ್ಲ.

3ಡಿ ನೋಡಿದರೆ ನನಗೆ ತಲೆನೋವು. ಕಣ್ಣು ಸರಿಯಿಲ್ಲವಾ?

ಅನೇಕರಿಗೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಹತ್ತಿರದ ವಸ್ತು ನೋಡುವಾಗ ಕಣ್ಣು ಎರಡು ಕೆಲಸ ಮಾಡುತ್ತದೆ: ಎರಡೂ ಗುಡ್ಡೆಗಳು ಒಳಕ್ಕೆ ತಿರುಗುತ್ತವೆ, ಒಳಗಿನ ಲೆನ್ಸು ಅದೇ ದೂರಕ್ಕೆ ಫೋಕಸ್ ಆಗುತ್ತದೆ. ಚಿಕ್ಕಂದಿನಿಂದ ಇವೆರಡೂ ಜೊತೆಜೊತೆ. 3ಡಿಯಲ್ಲಿ ಆನೆ ಪರದೆಯಿಂದ ಆಚೆ ಬಂದಂತೆ ಕಂಡಾಗ ಗುಡ್ಡೆಗಳು ಆನೆಯ ಕಡೆ ತಿರುಗುತ್ತವೆ, ಫೋಕಸ್ ಮಾತ್ರ ಪರದೆಯ ಮೇಲೇ ಇರಬೇಕಾಗುತ್ತದೆ. ಈ ಎಳೆದಾಟಕ್ಕೆ ಕಣ್ಣು ಸುಸ್ತಾಗುತ್ತದೆ. ಪರದೆ ಹತ್ತಿರವಾದಷ್ಟೂ ಎಳೆದಾಟ ಹೆಚ್ಚು, ಥಿಯೇಟರಿಗಿಂತ ಟಿವಿಯಲ್ಲಿ ಜಾಸ್ತಿ ಅನಿಸುವುದು ಅದಕ್ಕೇ.

3ಡಿಯೇ ಕಾಣುವುದಿಲ್ಲ, ಎಲ್ಲ ಚಪ್ಪಟೆಯಾಗಿದೆ ಎಂದರೆ ಮಾತ್ರ ಕಣ್ಣಿನ ವೈದ್ಯರಲ್ಲಿ ತೋರಿಸಿ. ಮೆಳ್ಳೆಗಣ್ಣು ಅಥವಾ ಬಾಲ್ಯದಲ್ಲಿ ಒಂದು ಕಣ್ಣು ಮಂಕಾಗಿದ್ದವರಿಗೆ ಹೀಗಾಗುವುದುಂಟು. ಅಂಥವರು ಮನೆಯಲ್ಲಿ ಒಬ್ಬರಿದ್ದರೂ 3ಡಿ ಟಿವಿ ಅವರ ಪಾಲಿಗೆ ದಂಡವೇ.

ಹಳೆಯ ಟಿವಿಯ ರಿಮೋಟಿನಲ್ಲಿ 2ಡಿಯಿಂದ 3ಡಿ ಮಾಡುವ ಗುಂಡಿ ಇದೆ. ಒತ್ತಲಾ?

ಒತ್ತಿ ನೋಡಿ, ಐದು ನಿಮಿಷದ ತಮಾಷೆ. ಕೆಳಗಿರುವುದು ಹತ್ತಿರ, ಮೇಲಿರುವುದು ದೂರ ಎಂಬಂಥ ಒರಟು ಊಹೆಯ ಮೇಲೆ ಅದು ಕೆಲಸ ಮಾಡುತ್ತಿತ್ತು. ಈಗಿನ ಎಐ ಒಂದೇ ಫೋಟೋದಿಂದ ಆಳವನ್ನು ಎಷ್ಟೋ ಚೆನ್ನಾಗಿ ಅಂದಾಜು ಮಾಡುತ್ತದೆ. 2024ರಿಂದ ವಿಷನ್ ಪ್ರೊನಲ್ಲಿ ಹಳೆಯ ಫೋಟೋಗಳನ್ನು ಹಾಗೆ 3ಡಿ ಮಾಡಬಹುದು. ಕಾರ್ಯಕ್ರಮಗಳ ಬರವನ್ನು ನೀಗಿಸುವ ಏಕೈಕ ದಾರಿ ಇದೇ ಇರಬಹುದು ಎಂದು ನನಗನಿಸುತ್ತದೆ. ಚಿತ್ರೀಕರಣಕ್ಕೆ ಎರಡು ಕ್ಯಾಮೆರಾ ಬೇಡವೆಂದಾದರೆ ಖರ್ಚಿನ ಲೆಕ್ಕವೇ ಬದಲಾಗುತ್ತದೆ.

ಮದುವೆಯನ್ನು 3ಡಿಯಲ್ಲಿ ಚಿತ್ರೀಕರಿಸಬಹುದಾ?

ಆಗುತ್ತದೆ. ಐಫೋನ್ 15 ಪ್ರೊ ಮತ್ತು ನಂತರದ ಕೆಲವು ಫೋನ್‌ಗಳಲ್ಲಿ 2023ರ ಕೊನೆಯಿಂದ ಎರಡು ಲೆನ್ಸ್‌ನ 3ಡಿ ವಿಡಿಯೋ ಸೌಲಭ್ಯವಿದೆ. ಲೆನ್ಸ್‌ಗಳ ನಡುವಿನ ಅಂತರ ನಮ್ಮ ಕಣ್ಣುಗಳಿಗಿಂತ ತುಂಬಾ ಕಡಿಮೆಯಾದ್ದರಿಂದ ಎರಡು ಮೂರು ಮೀಟರ್ ಒಳಗಿನದು ಮಾತ್ರ ಚೆನ್ನಾಗಿ ಬರುತ್ತದೆ. ವಾಲಗದ ಕುಣಿತವನ್ನು ಹತ್ತಿರ ನಿಂತು ತೆಗೆಯಿರಿ, ಮಂಟಪದ ಕೊನೆಯಿಂದ ತೆಗೆದರೆ ವ್ಯರ್ಥ. ನೋಡಲು ಸದ್ಯ ಯಂತ್ರವಿಲ್ಲದಿದ್ದರೂ ತೆಗೆದಿಟ್ಟುಕೊಳ್ಳುವುದರಲ್ಲಿ ನಷ್ಟವಿಲ್ಲ, ಮಾಮೂಲಿ ವಿಡಿಯೋ ಆಗಿಯೂ ಅದು ಓಡುತ್ತದೆ.

ಹೊಲೊಗ್ರಾಮ್ ಟಿವಿ ಬರುತ್ತದಂತಲ್ಲ?

ವೇದಿಕೆಗಳಲ್ಲಿ ಹೊಲೊಗ್ರಾಮ್ ಎಂದು ತೋರಿಸುವುದು ಬಹುತೇಕ 19ನೇ ಶತಮಾನದ ನಾಟಕದ ತಂತ್ರ: ಕಾಣದಂಥ ತೆಳು ಹಾಳೆಯ ಮೇಲೆ ಬೀಳುವ ಚಪ್ಪಟೆ ಚಿತ್ರದ ಪ್ರತಿಬಿಂಬ. 2014ರ ಚುನಾವಣೆಯಲ್ಲಿ ನರೇಂದ್ರ ಮೋದಿಯವರ ಭಾಷಣವನ್ನು ಊರೂರಲ್ಲಿ ತೋರಿಸಿದ್ದೂ ಅದೇ ಬಗೆಯದು. ನಿಜವಾದ ಹೊಲೊಗ್ರಾಮ್ ಚಿತ್ರವನ್ನು ಟಿವಿಯಂತೆ ಓಡಿಸಲು ಬೇಕಾದ ಸೂಕ್ಷ್ಮ ಪಿಕ್ಸೆಲ್‌ಗಳೂ ದತ್ತಾಂಶದ ರಾಶಿಯೂ ಇಂದಿನ ಮನೆಬಳಕೆಯ ಪರದೆಗೆ ನಿಲುಕುವುದಿಲ್ಲ. ಕನ್ನಡಕವಿಲ್ಲದೆ ಸಾವಿರಾರು ಜನ ಒಟ್ಟಿಗೆ ನೋಡುವ 3ಡಿ ಬೇಕೆಂದರೆ ವಿಜಯದಶಮಿಯ ರಾತ್ರಿ ಮಡಿಕೇರಿಗೆ ಬನ್ನಿ, ದಸರಾ ಮೆರವಣಿಗೆಯ ಹತ್ತು ಮಂಟಪಗಳಲ್ಲಿ ಬೊಂಬೆಯ ದೇವರೂ ರಾಕ್ಷಸರೂ ಬೆಳಗಿನ ಜಾವದವರೆಗೆ ಹೊಡೆದಾಡುತ್ತಾರೆ.

ಟಿವಿ ಬಿಟ್ಟು 3ಡಿಯಿಂದ ನಮಗೇನಾದರೂ ಉಪಯೋಗವಾಗಿದೆಯಾ?

ಬೇಕಾದಷ್ಟು. ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1ರಲ್ಲಿ ಎರಡು ಕ್ಯಾಮೆರಾ ಇದ್ದವು, ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ಬಾಗಿದ್ದು. ಒಂದೇ ನೆಲವನ್ನು ಎರಡು ಕೋನದಿಂದ ತೆಗೆದ ಆ ಜೋಡಿಚಿತ್ರಗಳಿಂದ ಭೂಮಿಯ ಏರುತಗ್ಗಿನ ನಕ್ಷೆ ಮಾಡುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಗೆ ಇಳಿಜಾರಿನ ಲೆಕ್ಕ ಏಕೆ ಬೇಕೆಂದು ವಿವರಿಸಬೇಕಿಲ್ಲ. ಶಸ್ತ್ರಚಿಕಿತ್ಸೆಯ ರೋಬೋಗಳಲ್ಲೂ ವೈದ್ಯರು ನೋಡುವುದು ಎರಡು ಕಣ್ಣಿನ 3ಡಿ ಚಿತ್ರವನ್ನೇ. ಇಲ್ಲೂ ಗಮನಿಸಿ, ನೋಡುವವರು ಒಬ್ಬರೇ.

ಮನೆಯಲ್ಲಿ 2012ರ 3ಡಿ ಟಿವಿ ಇನ್ನೂ ಓಡುತ್ತಿದೆ. ಏನು ನೋಡಬಹುದು?

ಯೂಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಚಿತ್ರವಿರುವ ವಿಡಿಯೋಗಳು ಸಿಗುತ್ತವೆ, ರಿಮೋಟಿನ 3ಡಿ ಗುಂಡಿ ಒತ್ತಿ 'ಸೈಡ್ ಬೈ ಸೈಡ್' ಆರಿಸಿ. ಒಳ್ಳೆಯ ಚಿತ್ರ ಬೇಕಾದರೆ 3ಡಿ ಬ್ಲೂ-ರೇ ಡಿಸ್ಕ್ ಮತ್ತು ಅದನ್ನು ಓಡಿಸುವ ಪ್ಲೇಯರ್ ಬೇಕು. ಕೊಳ್ಳುವಾಗ ಎಚ್ಚರ: ಹೊಸ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕಿನ ನಿಯಮದಲ್ಲಿ 3ಡಿಯೇ ಇಲ್ಲ.

ಪೋಲರಾಯ್ಡ್ ಬಗೆಯ ಎಲ್‌ಜಿ ಟಿವಿಯ ಕನ್ನಡಕ ಕಳೆದುಹೋಗಿದ್ದರೆ ಹುಡುಕಾಡಬೇಡಿ, ರಿಯಲ್‌ಡಿ ಬಗೆಯ ಥಿಯೇಟರ್ ಕನ್ನಡಕ ಅದಕ್ಕೆ ಆಗುತ್ತದೆ. ಬ್ಯಾಟರಿ ಕನ್ನಡಕವಾದರೆ ಜೂನ್‌ಗೆ ಮೊದಲು ಒಳಗಿನ ಸೆಲ್ ತೆಗೆದಿಡಿ. ನಮ್ಮ ಮಳೆಗಾಲದ ತೇವಕ್ಕೆ ಸೆಲ್ ಸೋರಿ ಒಳಗೆಲ್ಲ ಹಸಿರು ಕಿಲುಬು ಹಿಡಿಯುತ್ತದೆ. ಡಿಸ್ಕುಗಳಿಗೆ ಫಂಗಸ್ ಬರದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಟಿವಿಯನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ಹಾಕಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.

ಈಗ ಹೊಸ ಟಿವಿ ಕೊಳ್ಳುವುದಾದರೆ 3ಡಿಯ ಆಸೆಗೆ ಕಾಯಲಾ?

ಬೇಡ.

ಹಳೆಯ 3ಡಿ ಟಿವಿಯನ್ನು ಮಾರಿದರೆ ಬೆಲೆ ಬರುತ್ತದಾ?

ಎಕ್ಸ್‌ಚೇಂಜ್ ಕೊಡುವ ಅಂಗಡಿಯವರಿಗೆ ಅದು ಬರೀ ಹಳೆಯ ಟಿವಿ, 3ಡಿ ಇದೆ ಎಂದು ನೂರು ರೂಪಾಯಿಯೂ ಹೆಚ್ಚು ಹಾಕುವುದಿಲ್ಲ. 2016ರ ಓಎಲ್‌ಇಡಿ ಮಾದರಿ ಆಗಿದ್ದರೆ ಮಾತ್ರ ಕಥೆ ಬೇರೆ. 3ಡಿ ಸಿನಿಮಾ ಸಂಗ್ರಹಿಸುವ ಒಂದು ಸಣ್ಣ ಗುಂಪು ಎಲ್ಲಾ ದೇಶಗಳಲ್ಲೂ ಇದೆ, ಅವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಆನ್‌ಲೈನ್‌ನಲ್ಲಿ ಹಾಕುವಾಗ ಮಾದರಿ ಸಂಖ್ಯೆ ಬರೆಯಿರಿ, ಬಿಳಿ ಪರದೆ ಹಾಕಿ ಕಲೆಯಿಲ್ಲವೆಂದು ಕಾಣುವ ಫೋಟೋ ಹಾಕಿ, ಕನ್ನಡಕದ ಜೊತೆ ಒರಿಜಿನಲ್ ರಿಮೋಟನ್ನೂ ಕೊಡಿ. ಬಜಾರಿನ ಬದಲಿ ರಿಮೋಟುಗಳಲ್ಲಿ ಅನೇಕಕ್ಕೆ 3ಡಿ ಗುಂಡಿಯೇ ಇರುವುದಿಲ್ಲ.